ವಿಶ್ವೇಶ್ವರಯ್ಯನವರೂ ಸಣ್ಣ ಊರಿನ ನೀರೂ

ಚಿಂಚೋಳಿಯ ಮಗ್ಗುಲಲ್ಲಿ ಹರಿಯುವ ಮುಲ್ಲಾಮಾರಿಯು ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣೆಯ ಉಗಮವು ಅನಂತಗಿರಿಯ ಬೆಟ್ಟಗಳಲ್ಲಿದೆ. ಅದೇ ಬೆಟ್ಟಗಳಲ್ಲಿ ಹುಟ್ಟಿದ ಮೂಸಿಯು ಪೂರ್ವಾಭಿಮುಖವಾಗಿ ಹೊರಟು ಹೈದರಾಬಾದು ನಗರವನ್ನು ಸೀಳಿಕೊಂಡು ಹೋಗುತ್ತದೆ. 1948ರವರೆಗೆ ಆ ರಾಜಧಾನಿಯೂ ಈ ಪುಟ್ಟ ಪಟ್ಟಣವೂ ಒಂದೇ ನಿಜಾಮ ಸಂಸ್ಥಾನಕ್ಕೆ ಸೇರಿದ್ದುವು. ರಾಜಧಾನಿಯನ್ನು ಪ್ರವಾಹದಿಂದ ಕಾಯುವ ಉಪಾಯವನ್ನು ಹೇಳಿಕೊಟ್ಟವರು ಒಬ್ಬ ಕನ್ನಡಿಗರೆಂಬ ಸಂಗತಿಯು ನಮ್ಮ ಭಾಗದ ವಾಚಕರಿಗೆ ಹೆಮ್ಮೆಯದೇ ಸರಿ. ಆದರೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜೀವನದಲ್ಲಿ ಚಿಂಚೋಳಿಯಂತಹ ಊರಿಗೆ ಹೆಚ್ಚು ಉಪಯುಕ್ತವಾದ ಅಧ್ಯಾಯವು ಬೇರೊಂದಿದೆ.

ಕನ್ನಂಬಾಡಿಯ ಕಟ್ಟೆ, ಭದ್ರಾವತಿಯ ಕಬ್ಬಿಣ, ಮೈಸೂರು ವಿಶ್ವವಿದ್ಯಾನಿಲಯ ಇವುಗಳ ಮೂಲಕವೇ ಅವರನ್ನು ಸ್ಮರಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ದಿವಾನಗಿರಿಯ ವೈಭವದಲ್ಲಿ ಅದಕ್ಕೆ ಮುಂಚಿನ ಕಾಲು ಶತಮಾನದ ದುಡಿಮೆಯು ಮರೆಯಾಗಿ ಹೋಯಿತು. ಮುದ್ದೇನಹಳ್ಳಿಯಲ್ಲಿ ಜನಿಸಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಓದಿದ ಈ ತರುಣರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿದರು. 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, ಮರುವರ್ಷ ಮುಂಬಯಿ ಇಲಾಖೆಯ ಲೋಕೋಪಯೋಗಿ ಖಾತೆಯನ್ನು ಸೇರಿದರು.

ಹತ್ತು ವರ್ಷಗಳ ತರುವಾಯ ಅವರನ್ನು ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ಕಳುಹಿಸಲಾಯಿತು. ಊರಿನ ಪಕ್ಕದಲ್ಲಿಯೇ ಮಹಾನದಿಯಾದ ಸಿಂಧು ಹರಿಯುತ್ತಿತ್ತು. ಆದರೂ ಶುದ್ಧವಾದ ಕುಡಿಯುವ ನೀರು ಊರಿಗೆ ಇರಲಿಲ್ಲ. ನದಿಯ ನೀರು ಮಣ್ಣಿನಿಂದ ಕದಡಿ ಬಣ್ಣಗೆಟ್ಟದ್ದು. ಅದನ್ನು ಸೋಸುವುದಕ್ಕೆ ಶೋಧಕ ತೊಟ್ಟಿಗಳನ್ನು ಕಟ್ಟಿಸೋಣವೆಂದರೆ ಅಲ್ಲಿಯ ಪುರಸಭೆಯ ಬೊಕ್ಕಸದಲ್ಲಿ ಅಷ್ಟು ಹಣವಿಲ್ಲ. ಇಂತಹ ಸಂದರ್ಭದಲ್ಲಿ ಕಾಗದವನ್ನು ಮೇಲಿನವರಿಗೆ ಕಳುಹಿಸಿ, ಮಂಜೂರಾತಿ ಬರುವ ತನಕ ಕೈಕಟ್ಟಿ ಕೂಡುವುದು ಅಧಿಕಾರಿಗಳ ವಾಡಿಕೆಯಷ್ಟೆ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ, ದಂಡೆಗೆ ಹತ್ತಿರವಾಗಿ, ಮರಳಿನಲ್ಲಿ ದುಂಡಗಿನ ಬಾವಿಯೊಂದನ್ನು ತೋಡಿಸಿದರು. ಬಾವಿಯ ತಳದಿಂದ ನದಿಯ ಅಡಿಗೆ ಸುರಂಗವನ್ನು ಕೊರೆಯಿಸಿ, ಒಸರುವ ನೀರು ಹೆಚ್ಚುವಂತೆ ಮಾಡಿದರು. ನದಿಯ ಮರಳೇ ಶೋಧಕವಾಯಿತು! ಬಾವಿಗೆ ಇಳಿದ ನೀರು ತಿಳಿಯಾಗಿತ್ತು; ಅದನ್ನು ಯಂತ್ರಗಳಿಂದ ಗುಡ್ಡದ ಮೇಲಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಊರಿಗೆ ಇಳಿಸಿದರು. 1895ರಲ್ಲಿ ಮುಂಬಯಿಯ ಗವರ್ನರರಾದ ಲಾರ್ಡ್ ಸ್ಯಾಂಡ್‌ಹರ್ಸ್ಟರಿಂದ ಈ ಕಾಮಗಾರಿಯ ಪ್ರಾರಂಭೋತ್ಸವವು ನೆರವೇರಿತು.

ನಮ್ಮ ದೃಷ್ಟಿಯಲ್ಲಿ ಅವರ ಪ್ರತಿಭೆಯ ನಿಜವಾದ ಒರೆಗಲ್ಲು ಕನ್ನಂಬಾಡಿಯಲ್ಲ, ಈ ಮರಳು ಬಾವಿ. ಸಂಸ್ಥಾನದ ಭಂಡಾರವು ಹಿಂದಿರುವಾಗ ದೊಡ್ಡ ಅಣೆಕಟ್ಟನ್ನು ಕಟ್ಟುವುದಕ್ಕೆ ಧೈರ್ಯ ಬೇಕು. ಬಡ ಪುರಸಭೆಯ ಚೀಲದಷ್ಟಕ್ಕೇ ಯೋಜನೆಯನ್ನು ಹೊಲಿಯುವುದಕ್ಕೆ ಅದಕ್ಕಿಂತ ಅಪರೂಪದ ವಿವೇಕ ಬೇಕು.

ಮುಂದೆ ಅವರು ಮುಂಬಯಿ ಇಲಾಖೆಯ ನೈರ್ಮಲ್ಯ ಇಂಜಿನಿಯರರಾಗಿ ಹಲವು ಊರುಗಳ ನೀರು ಮತ್ತು ಚರಂಡಿಗಳ ಯೋಜನೆಗಳನ್ನು ನೋಡಿಕೊಂಡರು. ಖಡಕವಾಸಲೆಯ ಸರೋವರಕ್ಕೆ 1903ರಲ್ಲಿ ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಕೀರ್ತಿಯನ್ನು ತಂದುವು. 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಒಳಚರಂಡಿಯ ಪ್ರಶ್ನೆಯನ್ನು ಬಗೆಹರಿಸಲು ಅವರನ್ನು ಸಮುದ್ರದಾಚೆಗೂ ಕಳುಹಿಸಲಾಯಿತು.

1908ರ ಸೆಪ್ಟೆಂಬರ್ 28ರಂದು ಮೂಸಿಯು ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರ್ಕಾರದ ಕರೆಗೆ ಓಗೊಟ್ಟು ವಿಶ್ವೇಶ್ವರಯ್ಯನವರು 1909ರಲ್ಲಿ ಅಲ್ಲಿಗೆ ಬಂದರು. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದು, ಅವುಗಳಲ್ಲಿ 221 ಒಡೆದು ಪ್ರವಾಹದ ಭೀಕರತೆಯನ್ನು ಹೆಚ್ಚಿಸಿದ್ದುವು. ನಗರಕ್ಕೆ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. ಆ ಪ್ರಕಾರ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡುವು. ನಗರದ ಕೊಳೆನೀರನ್ನು ಸಾಗಿಸುವ ಒಳಚರಂಡಿಯ ವ್ಯವಸ್ಥೆಗೂ ಅವರ ಸಲಹೆಯೇ ಆಧಾರವಾಯಿತು.

ಇದೆಲ್ಲವೂ ರಾಜಧಾನಿಗೆ ದೊರೆತ ಭಾಗ್ಯ. ಸಂಸ್ಥಾನದ ಪಶ್ಚಿಮದ ಕನ್ನಡ ತಾಲ್ಲೂಕುಗಳು ಬಾವಿ, ಹಳ್ಳಗಳನ್ನೇ ನಂಬಿಕೊಂಡು ಉಳಿದುವು. ಏಕೀಕರಣದ ನಂತರ, ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ, ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯು ಸ್ಥಾಪಿತವಾಯಿತು. ಅಂದಿನಿಂದ ಸಣ್ಣ ಪಟ್ಟಣಗಳಲ್ಲಿ ಸಾಮಾನ್ಯವಾಗಿ ನಡೆದು ಬಂದಿರುವ ಪದ್ಧತಿಯೇನೆಂದರೆ, ಮಂಡಲಿಯು ಕಾಮಗಾರಿಯನ್ನು ಕಟ್ಟಿ ಒಪ್ಪಿಸುವುದು, ಪುರಸಭೆಯು ಅದನ್ನು ನಡೆಸುವುದು. ಕಟ್ಟುವ ದಿನ ಹಾರ ತುರಾಯಿಗಳಿರುತ್ತವೆ. ನಡೆಸುವ ದಿನಗಳಲ್ಲಿ ಪಂಪಿನ ವಿದ್ಯುತ್ ಬಿಲ್ಲು, ಒಡೆದ ಕೊಳವೆ, ಬಾಕಿ ಉಳಿದ ನೀರಿನ ಕಂದಾಯ ಮಾತ್ರವಿರುತ್ತವೆ. ಯಾವ ಓಣಿಗೆ ಯಾವಾಗ ನೀರು ಬರುವುದೆಂಬುದು ವಾಲ್ವು ತಿರುಗಿಸುವವನ ಕೈಯಲ್ಲಿರುತ್ತದೆ. ಅವನ ಸಂಬಳ ಹೊತ್ತಿಗೆ ಸರಿಯಾಗಿ ಸಂದಾಯವಾಗುತ್ತದೆಯೇ ಎಂದು ಯಾವ ಪೌರನು ವಿಚಾರಿಸುತ್ತಾನೆ? ನಲ್ಲಿಗಾಗಿ ಅರ್ಜಿ ಹಿಡಿದು ಬರುವವರು ನೂರು ಮಂದಿ. ಆ ನಲ್ಲಿಯಿಂದ ಹೊರಬಿದ್ದ ನೀರು ಎಲ್ಲಿಗೆ ಹೋಗಬೇಕೆಂದು ಕೇಳುವವರು ಒಬ್ಬರೂ ಇಲ್ಲ. ನೀರು ಬಂದು ಚರಂಡಿ ಬಾರದ ಊರು ಮೊದಲಿಗಿಂತ ಹೆಚ್ಚು ಹೊಲಸಾಗುತ್ತದೆ. ಮುಲ್ಲಾಮಾರಿಗೆ ಬಿಟ್ಟ ಕೊಳೆಯು ಕಾಗಿಣೆಯ ಮೂಲಕ ಶಹಾಬಾದಿನ ಕಡೆಗೇ ಇಳಿಯತಕ್ಕದ್ದು.

ದಿವಾನ ಪದವಿಯನ್ನು 1918ರಲ್ಲಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಊರುಗಳ ನೀರಿನ ಪ್ರಶ್ನೆಯನ್ನು ಬಿಡಲಿಲ್ಲ. ಹೆಸರಘಟ್ಟದ ನೀರು ಬೆಂಗಳೂರಿಗೆ ಸಾಲದಾದಾಗ, ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯವು 1933ರಲ್ಲಿ ಸಿದ್ಧವಾಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. 1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದು, ನೂರು ವರ್ಷ ತುಂಬಿದ ಬಾಳನ್ನು 1962ರ ಏಪ್ರಿಲಿನಲ್ಲಿ ಮುಗಿಸಿದರು. ಆ ಜಲಾಶಯದ ಮುಂದಿನ ಕಥೆಯನ್ನು ಅವರು ನೋಡಲಿಲ್ಲ. ಮೇಲ್ಗಡೆಯ ಬಡಾವಣೆಗಳ ಮತ್ತು ಕಾರ್ಖಾನೆಗಳ ಕೊಳೆನೀರು ಸೇರಿ, ಸಹಜವಾದ ಒಳಹರಿವೂ ಕ್ಷೀಣಿಸಿ, ಈ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರು ಆ ನೀರನ್ನು ಕುಡಿಯುವುದನ್ನೇ ನಿಲ್ಲಿಸಬೇಕಾಯಿತು.