ಕಡಲಿಗೆ ಮಾತು ಕೊಟ್ಟ ಮಾರ್ಕೋನಿ

ಹಿಂದಿನ ಕಾಲದಲ್ಲಿ ಬಂದರು ಬಿಟ್ಟ ಹಡಗು ಕಣ್ಮರೆಯಾಯಿತೆಂದರೆ ಅದರ ಸುದ್ದಿಯೇ ಇಲ್ಲದಂತಾಗುತ್ತಿತ್ತು. ಅದು ತೇಲುತ್ತಿದೆಯೋ ಮುಳುಗಿದೆಯೋ, ಅದರಲ್ಲಿರುವವರು ಕ್ಷೇಮವೋ ಅಲ್ಲವೋ ಎಂಬುದು ಮುಂದಿನ ಬಂದರನ್ನು ಮುಟ್ಟಿದ ಮೇಲೆಯೇ ತಿಳಿಯಬೇಕಾಗಿತ್ತು. ನೆಲದ ಮೇಲೆ ತಂತಿಯ ಮೂಲಕ ವರ್ತಮಾನವು ಹೋಗುತ್ತಿತ್ತು. ಸಮುದ್ರದ ತಳದಲ್ಲಿಯೂ ತಂತಿಗಳನ್ನು ಹಾಸಿದ್ದರು. ಆದರೆ ಚಲಿಸುವ ಹಡಗಿಗೆ ತಂತಿಯನ್ನು ಕಟ್ಟುವುದೆಂತು? ಈ ತೊಡಕನ್ನು ಬಿಡಿಸಲು ಆಯುಷ್ಯವನ್ನೇ ಮುಡಿಪಿಟ್ಟ ಗುಗ್ಲಿಯೆಲ್ಮೊ ಮಾರ್ಕೋನಿಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ಬಯಸುತ್ತೇವೆ.

ಮಾರ್ಕೋನಿಯು 1874ನೆಯ ಇಸವಿ ಏಪ್ರಿಲ್ 25ರಂದು ಇಟಲಿಯ ಬೊಲೊನ್ಯಾ ನಗರದಲ್ಲಿ ಜನಿಸಿದನು. ತಂದೆಯು ಸ್ಥಿತಿವಂತನಾದ ಜಮೀನುದಾರ, ತಾಯಿ ಐರ್ಲೆಂಡಿನವಳು. ವಿಶ್ವವಿದ್ಯಾಲಯದಲ್ಲಿ ಕ್ರಮವಾಗಿ ಓದಿ ಪದವಿ ಪಡೆಯುವ ಯೋಗವು ಆತನಿಗೆ ಬರಲಿಲ್ಲ. ಜರ್ಮನಿಯ ಹರ್ಟ್ಸ್ ಎಂಬ ವಿಜ್ಞಾನಿಯು ವಿದ್ಯುತ್ಕಾಂತ ತರಂಗಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟಿದ್ದನು. ನಮ್ಮ ಜಗದೀಶಚಂದ್ರ ಬೋಸರೂ ಕಲಕತ್ತೆಯಲ್ಲಿ ಅಂತಹ ತರಂಗಗಳನ್ನು ಗೋಡೆಯಾಚೆ ಕಳುಹಿಸಿ ಗಂಟೆ ಬಾರಿಸಿ ತೋರಿದರು. ಆದುದರಿಂದ ಈ ವಿದ್ಯೆಯು ಒಬ್ಬನದೇ ಸೃಷ್ಟಿಯೆಂದು ಹೇಳಲಾಗದು. ಅನೇಕರು ಕಂಡುಕೊಂಡುದನ್ನು ಜನೋಪಯೋಗಿಯಾಗಿ ಮಾಡುವ ಹಟವು ಮಾತ್ರ ಮಾರ್ಕೋನಿಯದು. ತಂದೆಯ ಮನೆಯ ಅಟ್ಟವೇ ಆತನ ಪ್ರಯೋಗಶಾಲೆ. 1895ರಲ್ಲಿ ಆತನ ಸಂಕೇತವು ಗುಡ್ಡದಾಚೆಗೆ ಮುಟ್ಟಿತು. ಮುಟ್ಟಿತೆಂದು ತಿಳಿಸಲು ಅಣ್ಣನು ಬಂದೂಕು ಹಾರಿಸಿದನಂತೆ.

1896ರಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ತೆರಳಿದ ಮಾರ್ಕೋನಿಯು ಅಲ್ಲಿನ ಅಂಚೆ ಇಲಾಖೆಯ ನೆರವು ಪಡೆದನು. 1898ರ ಬೇಸಿಗೆಯಲ್ಲಿ ಒಂದು ಸ್ವಾರಸ್ಯದ ಪ್ರಸಂಗ ಒದಗಿತು. ಯುವರಾಜನಾದ ಎಡ್ವರ್ಡನು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ತನ್ನ ವಿಹಾರನೌಕೆಯಲ್ಲಿ ತಂಗಿದ್ದನು. ತಾಯಿ ವಿಕ್ಟೋರಿಯಾ ರಾಣಿಯು ದಡದ ಅರಮನೆಯಲ್ಲಿದ್ದಳು. ಮಗನ ಯೋಗಕ್ಷೇಮವನ್ನು ರಾಣಿಗೆ ತಿಳಿಸಲು ಮಾರ್ಕೋನಿಯು ಎರಡೂ ಕಡೆ ಯಂತ್ರಗಳನ್ನು ಹೂಡಿದನು. ಹದಿನಾರು ದಿನಗಳಲ್ಲಿ ಸುಮಾರು 150 ವಾರ್ತೆಗಳು ತಂತಿಯಿಲ್ಲದೆ ಹೋಗಿ ಬಂದವು. ಇಂದು ನೌಕೆಯಲ್ಲಿ ಕುಳಿತು ಮನೆಗೆ ಇ-ಮೇಲ್ ಕಳುಹಿಸುವವರ ಮೂಲಪುರುಷರು ಇವರೇ ಎಂದರೆ ತಪ್ಪಾಗಲಾರದು.

1901ರ ಡಿಸೆಂಬರ್ 12ರಂದು ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಮೂರು ಚುಕ್ಕೆಗಳ ಸಂಕೇತವನ್ನು ಕೇಳಿದುದಾಗಿ ಆತನು ಪ್ರಕಟಿಸಿದನು. ಅನೇಕರು ಸಂದೇಹಪಟ್ಟರು. ಅದಕ್ಕೆ ಉತ್ತರವಾಗಿ 1902ರಲ್ಲಿ ಫಿಲಡೆಲ್ಫಿಯಾ ಎಂಬ ಹಡಗನ್ನೇರಿ, ಬಂದ ಸಂಕೇತಗಳನ್ನು ಯಂತ್ರವೇ ಕಾಗದದ ಪಟ್ಟಿಯ ಮೇಲೆ ದಾಖಲಿಸುವಂತೆ ಮಾಡಿದನು. ರಾತ್ರಿಯಲ್ಲಿ 2,000 ಮೈಲಿಗೂ ಮಿಕ್ಕ ದೂರದಿಂದ ಸಂಕೇತವು ಮುಟ್ಟಿತು. ಹಗಲಿನಲ್ಲಿ 700 ಮೈಲಿಗೆಲ್ಲ ಅಡಗಿಹೋಯಿತು! ಬಿಸಿಲಿನಿಂದ ಮೇಲಣ ವಾಯುಮಂಡಲದಲ್ಲಿ ಉಂಟಾಗುವ ವಿದ್ಯುತ್ ಪದರವೊಂದು ಅಂತಹ ತರಂಗಗಳನ್ನು ಹೀರಿಬಿಡುವುದೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ದೂರ ಮುಟ್ಟುವುದು ಒಂದು, ಬೇಕೆಂದಾಗ ಮುಟ್ಟುವುದು ಇನ್ನೊಂದು ಎಂಬ ಪಾಠವನ್ನು ಆತನು ಕಡಲಿನಲ್ಲೇ ಕಲಿತನು.

1909ರಲ್ಲಿ ರಿಪಬ್ಲಿಕ್ ಎಂಬ ಹಡಗು ಮಂಜಿನಲ್ಲಿ ಇನ್ನೊಂದಕ್ಕೆ ಡಿಕ್ಕಿಯಾದಾಗ ನಿಸ್ತಂತು ಕರೆಯಿಂದ ನೆರವು ಬಂದು 1,500ಕ್ಕೂ ಹೆಚ್ಚು ಜನ ಉಳಿದರು. ಅದೇ ವರ್ಷ ಮಾರ್ಕೋನಿಗೂ ಜರ್ಮನಿಯ ಬ್ರೌನನಿಗೂ ನೊಬೆಲ್ ಪಾರಿತೋಷಕವು ಜೊತೆಯಾಗಿ ದೊರೆಯಿತು. ಆದರೆ 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದ ರಾತ್ರಿ ಈ ವಿದ್ಯೆಯ ಕೊರತೆಯೂ ಬಯಲಾಯಿತು. ಕಾರ್ಪೇಥಿಯಾ ಹಡಗು ಕರೆ ಕೇಳಿ ಧಾವಿಸಿ ಸುಮಾರು 700 ಜನರನ್ನು ಕಾಪಾಡಿತು. ಉಳಿದ 1,500 ಜನ ಜಲಸಮಾಧಿಯಾದರು. ಅದಕ್ಕಿಂತಲೂ ಸಮೀಪದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಹಡಗು ನಿಂತಿತ್ತು. ಅದರಲ್ಲಿಯೂ ಯಂತ್ರವಿತ್ತು; ಆದರೆ ಇದ್ದೊಬ್ಬ ನಿಸ್ತಂತು ನೌಕರನು ದಿನದ ಕೆಲಸ ಮುಗಿಸಿ ಮಲಗಿದ್ದನು. ಕರೆಯುವ ಯಂತ್ರವಿದ್ದರೆ ಸಾಲದು, ಕೇಳುವ ಕಿವಿಯೂ ಎಚ್ಚರವಾಗಿರಬೇಕು. ಹಡಗುಗಳಲ್ಲಿ ಹಗಲಿರುಳು ಆಲಿಸುವ ಏರ್ಪಾಡು ಇರಬೇಕೆಂಬ ನಿಯಮಕ್ಕೆ 1914ರ ಅಂತರರಾಷ್ಟ್ರೀಯ ಒಪ್ಪಂದವು ದಾರಿ ಮಾಡಿತು.

ಯಂತ್ರದ ಕೊರತೆಯನ್ನು ನೀಗುವ ಕೆಲಸವನ್ನು ಮಾರ್ಕೋನಿಯು ತಾನೇ ಕೈಗೊಂಡನು. 1919ರಲ್ಲಿ ಒಂದು ನೌಕೆಯನ್ನು ಕೊಂಡು ಅದಕ್ಕೆ ಎಲೆಟ್ರಾ ಎಂದು ಹೆಸರಿಟ್ಟನು. ಅದು ಆತನ ಮನೆಯೂ ಹೌದು, ತೇಲುವ ಪ್ರಯೋಗಶಾಲೆಯೂ ಹೌದು. ಅದರಲ್ಲಿ ಸಂಚರಿಸುತ್ತ, ಅಲ್ಪದೂರಕ್ಕಷ್ಟೇ ತಕ್ಕುದೆಂದು ಜನರು ಕಡೆಗಣಿಸಿದ್ದ ಹ್ರಸ್ವ ತರಂಗಗಳನ್ನು ಪರೀಕ್ಷಿಸಿದನು. 1924ರಲ್ಲಿ ಇಂಗ್ಲೆಂಡಿನಿಂದ ಹೊರಟ 32 ಮೀಟರ್ ತರಂಗವು ಬೆಯ್ರೂತಿನಲ್ಲಿದ್ದ ಎಲೆಟ್ರಾಕ್ಕೆ ಹಗಲೆಲ್ಲ ಕೇಳಿಸಿತು. ಕೆಳಗಿನ ಪದರವನ್ನು ಹಾಯ್ದು ಮೇಲಿನದರಿಂದ ಪ್ರತಿಫಲಿಸುವ ಈ ತರಂಗಗಳು ಹಗಲನ್ನೂ ಗೆದ್ದವು. ಇದರ ಆಧಾರದ ಮೇಲೆ 1927ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ನಿಸ್ತಂತು ಸಂಪರ್ಕ ಏರ್ಪಟ್ಟಿತು. ಅದರ ಭಾರತದ ಕೇಂದ್ರಗಳು ಇದ್ದುದು ನಮಗೆ ಸಮೀಪವಾದ ಪುಣೆಯ ಸೀಮೆಯಲ್ಲಿಯೇ. 1930ರಲ್ಲಿ ಜಿನೋವಾ ಬಂದರಿನ ಎಲೆಟ್ರಾದಿಂದಲೇ ಸಂಕೇತ ಕಳುಹಿಸಿ, ದೂರದ ಆಸ್ಟ್ರೇಲಿಯಾದ ಸಿಡ್ನಿ ಪುರಭವನದ ದೀಪಗಳನ್ನು ಬೆಳಗಿಸಿದನು.

ಮಹಾಪುರುಷರ ಚರಿತ್ರೆಯಲ್ಲಿ ಮರೆಮಾಚಬಾರದ ಸಂಗತಿಗಳೂ ಇರುತ್ತವೆ. ಮಾರ್ಕೋನಿಯು 1923ರಲ್ಲಿ ಮುಸೊಲಿನಿಯ ಪಕ್ಷವನ್ನು ಸೇರಿದನು. ಲೋಕದ ಮೂಲೆಮೂಲೆಯ ದನಿಯನ್ನು ಆಲಿಸಬಲ್ಲ ಸಾಧನವನ್ನು ಕೊಟ್ಟವನು, ಸ್ವದೇಶದಲ್ಲಿ ಜನರ ದನಿಯನ್ನು ಅಡಗಿಸಿದವರ ಜೊತೆಗೂಡಿದುದು ವಿಷಾದದ ಮಾತು. 1937ರ ಜುಲೈ 20ರಂದು ಆತನು ರೋಮಿನಲ್ಲಿ ತೀರಿಕೊಂಡಾಗ ನಿಸ್ತಂತು ನಿಲಯಗಳು ಎರಡು ನಿಮಿಷ ಮೌನವನ್ನು ಆಚರಿಸಿದವು. ಎಲೆಟ್ರಾ ನೌಕೆಯು 1944ರಲ್ಲಿ ಯುದ್ಧಕ್ಕೆ ಆಹುತಿಯಾಯಿತು.

ಇಂದು ಸಣ್ಣ ಹಾಯಿದೋಣಿಯವರೂ ನಡುಗಡಲಿನಿಂದ ಹ್ರಸ್ವ ತರಂಗದ ಮೂಲಕವೋ ಉಪಗ್ರಹದ ಮೂಲಕವೋ ಪತ್ರ ಬರೆಯಬಲ್ಲರು. ಹಡಗುಗಳ ಆಪತ್ಕರೆಗೆ ಬಳಕೆಯಲ್ಲಿದ್ದ ಮೋರ್ಸ್ ಸಂಕೇತದ ಸ್ಥಾನವನ್ನು 1999ರಲ್ಲಿ ಹೊಸ ವ್ಯವಸ್ಥೆಯು ಪಡೆಯಿತು. ಸಾಧನಗಳು ಬದಲಾದರೂ ಧರ್ಮವು ಬದಲಾಗಿಲ್ಲ. ನಮ್ಮ ಮುಂಬಯಿಯ ಬಂದರಿನಲ್ಲಿ ಹಡಗಿನ ಮೇಲೆ ಎತ್ತರದಲ್ಲಿ ನಿಂತ ಆಂಟೆನಾಗಳನ್ನು ಕಾಣುವ ವಿದ್ಯಾರ್ಥಿಗಳು, ಎಲ್ಲೋ ಒಂದೆಡೆ ಅದಕ್ಕಾಗಿ ನಿದ್ದೆಗೆಟ್ಟು ಕುಳಿತಿರುವ ಮನುಷ್ಯನನ್ನೂ ನೆನೆಯಲಿ.