ಬೆಟದೂರಿನ ಹನುಮಂತಪ್ಪ

ನಮ್ಮ ಕೆರೂರಿನಿಂದ ಹುಬ್ಬಳ್ಳಿ ಬಸ್ ಹತ್ತಿ, ಅಲ್ಲಿಂದ ಕುಂದಗೋಳ ತಾಲೂಕಿನ ಕಡೆ ಹೋದರೆ ಬೆಟದೂರು ಸಿಗತೈತಿ. ನಮ್ಮ ಕಡೆಯಂಥದೇ ಊರು, ಹಿಮ ಅಂದ್ರ ಟಿ.ವಿ.ಯಲ್ಲಿ ಕಂಡದ್ದಷ್ಟೇ. ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅಲ್ಲಿಯವರು.

2002ರ ಅಕ್ಟೋಬರಿನಲ್ಲಿ ಸೈನ್ಯ ಸೇರಿದ ಅವರು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನಲ್ಲಿದ್ದರು. 13 ವರ್ಷದ ಸೇವೆಯಲ್ಲಿ 10 ವರ್ಷ ಕಠಿಣ ಜಾಗಗಳಲ್ಲೇ ಕಳೆದರು: ಜಮ್ಮು-ಕಾಶ್ಮೀರ, ಈಶಾನ್ಯ, 2015ರ ಆಗಸ್ಟಿನಿಂದ ಸಿಯಾಚಿನ್. ಕೊನೆಗೆ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆ. ಮನೆಯಲ್ಲಿ ಹೆಂಡತಿ, ಸಣ್ಣ ಮಗಳು.

2016ರ ಫೆಬ್ರುವರಿ 3ರಂದು ಹಿಮಕುಸಿತ ಠಾಣೆಯ ಹತ್ತೂ ಮಂದಿಯನ್ನು ಹೂತುಹಾಕಿತು.

ಹಿಮ ಅಂದ್ರ ಒಂದೇ ಗಟ್ಟಿ ಮುದ್ದೆ ಅಂತ ನಾವೂ ತಿಳಿದಿದ್ವಿ. ಹಂಗಲ್ಲ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ಬುಡ ಬೆಚ್ಚಗಿದ್ದು ಮೇಲ್ಭಾಗ ಕೊರೆಯುತ್ತಿದ್ದರೆ ಒಳಗಿನ ಕಣಗಳು ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂತಾಗುತ್ತವೆ. ಅದರ ಮೇಲೆ ಗಟ್ಟಿ ಪದರ ಕೂತರೆ, 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬನ ಭಾರಕ್ಕೇ ಇಡೀ ಹಾಸು ಜಾರಬಹುದು. ಸೋನಂನಲ್ಲಿ ಬಿದ್ದದ್ದು ಇದಕ್ಕಿಂತ ಘೋರ, ಗಟ್ಟಿ ಹಿಮಗಡ್ಡೆಯ ಗೋಡೆ. ಅದನ್ನು ಒಡೆಯಲು ಬಂಡೆ ಕೊರೆಯುವ ಯಂತ್ರ, ಗರಗಸ ಬೇಕಾದವು.

ಹಿಮದಡಿ ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಒಬ್ಬರು. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡು ಉಸಿರುಗಟ್ಟತೈತಿ. ಹನುಮಂತಪ್ಪ ಸಿಕ್ಕಿದ್ದು ಫೆಬ್ರುವರಿ 8ರ ರಾತ್ರಿ, ಸುಮಾರು 25 ಅಡಿ ಆಳದಲ್ಲಿ, ಜೀವಂತ! ರಾಡಾರ್ ಜೊತೆಗೆ ಡಾಟ್, ಮಿಶಾ ಅನ್ನೋ ನಾಯಿಗಳೂ ಹುಡುಕಿದ್ದವು. ಒಳಗೆ ಒಂದಿಷ್ಟು ಗಾಳಿಯ ಜಾಗ ಉಳಿದಿರಬೇಕು.

ದೇಶವೆಲ್ಲ ಪವಾಡ ಅಂತು. ಆದರೆ ಕಷ್ಟ ಮುಂದಿತ್ತು. ತಣ್ಣಗಾದ ಮೈಗೆ ಆಮ್ಲಜನಕ ಕಡಿಮೆ ಸಾಕು. ಅದೇ ಮೈ ಬೆಚ್ಚಗಾಗಿ, ರಕ್ತ ಓಡದೆ ನಿಂತಿದ್ದ ಭಾಗಗಳಿಗೆ ಮತ್ತೆ ರಕ್ತ ಹರಿಯತೊಡಗಿದಾಗ ಹೃದಯದ ಮೇಲೆ ಹೊರೆ ಬೀಳತೈತಿ. ಬದುಕಿಸಬೇಕಂದ್ರ ಬೆಚ್ಚಗೆ ಮಾಡಲೇಬೇಕು, ಮಾಡಿದರೆ ಅಪಾಯ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ನ್ಯುಮೋನಿಯಾವೂ ಸೇರಿ, ಮೂತ್ರಪಿಂಡ, ಯಕೃತ್ತು ಸೋತವು. ಫೆಬ್ರುವರಿ 11ರಂದು ತೀರಿಕೊಂಡರು. ಮಣ್ಣಾದದ್ದು ಬೆಟದೂರಿನಲ್ಲೇ.

ಆ ಹತ್ತು ಮಂದಿಯಲ್ಲಿ ಕರ್ನಾಟಕದವರು ಇನ್ನಿಬ್ಬರಿದ್ದರು: ಹಾಸನ ಕಡೆಯ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಪಿ.ಎನ್. ಮಹೇಶ. ಖರೇ ಹೇಳಬೇಕಂದ್ರ, ಅವರ ಹೆಸರು ನಮಗೆ ಗೊತ್ತಾದದ್ದು ಇದನ್ನು ಬರೆಯಲು ಕೂತಾಗಲೇ.