ಅಭಿನಯವೂ ಕಲಿಯಬೇಕಾದ ವಿದ್ಯೆ

ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ 1904ರಲ್ಲಿ ಜನಿಸಿದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ರೆಂದೇ ನಾಡಿಗೆ ಪರಿಚಿತರು. ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಬೋಧಿಸಿದ ಅವರು, ವೃತ್ತಿ ಕಂಪನಿಗಳ ಸಂಗೀತ ವೈಭವದಾಚೆ ವಿಚಾರಪ್ರಧಾನ ನಾಟಕಗಳನ್ನು ರಚಿಸಿದರು.

ಕಂಪನಿಯ ನಟನಿಗೆ ಕಂಪನಿಯೇ ಗರಡಿಮನೆ. ಹಗಲೆಲ್ಲ ಕಚೇರಿಯಲ್ಲೋ ಶಾಲೆಯಲ್ಲೋ ದುಡಿದು ಸಂಜೆ ಬಣ್ಣ ಹಚ್ಚುವ ಹವ್ಯಾಸಿಗೆ ಅಂಥ ಆಸರೆಯಿರಲಿಲ್ಲ. ಈ ಕೊರತೆಯನ್ನು ಮನಗಂಡ ಶ್ರೀರಂಗರು ಹವ್ಯಾಸಿಗಳಿಗಾಗಿ ರಂಗತರಬೇತಿ ಶಿಬಿರಗಳನ್ನು ನಡೆಸಿದರು. ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. 1972ರಲ್ಲಿ ಪದ್ಮಭೂಷಣ ಪಡೆದ ಅವರು 1984ರಲ್ಲಿ ನಿಧನರಾದರು.

ಉತ್ಸಾಹವೊಂದೇ ನಟನನ್ನು ರೂಪಿಸದೆಂಬುದು ಅವರ ಬದುಕು ಕಲಿಸುವ ಪಾಠ. ಅವರ ಜಿಲ್ಲೆಯ ಇಂಡಿ, ನಿಡಗುಂದಿಯಂಥ ಊರುಗಳಲ್ಲಿ ದುಡಿಯುವ ವಯಸ್ಕರಿಗೆ ಅಭಿನಯ ತರಗತಿಗಳು ನಡೆಯುವುದೇ ಅವರಿಗೆ ತಕ್ಕ ಸ್ಮಾರಕ.